ದಪ್ಪ ಹಲ್ಲಿನ ಟೈರು

“ಇದೂ ಬೇಡ,” ಎಂದು ಅನೀಸ್ ಅಹಮದ್ ಆರನೆಯ ಟೈರನ್ನೂ ಆಚೆ ತಳ್ಳಿದ. ಹೊಸಕೋಟೆಯ ಟೈರ್ ಅಂಗಡಿಯ ಕೋದಂಡರಾಮಯ್ಯನವರಿಗೆ ಸಾಕಾಗಿ ಹೋಗಿತ್ತು. “ಮಹಾಯುದ್ಧ ಮುಗಿದು ಎರಡು ವರ್ಷ ಆಯ್ತು ಕಣಪ್ಪ. ಮಿಲಿಟರಿ ಜೀಪು ಅಂತ ಈ ದಪ್ಪ ಹಲ್ಲಿನ ಟೈರೇ ಯಾಕೆ? ಟಾರ್ ರೋಡಲ್ಲಿ ಬೇಗ ಸವೆದೋಗ್ತವೆ.”

“ನಮ್ಮನ್ನ ಹೆರಿಗೆಗೆ ಕರೆಯೋರು ಯಾರೂ ಟಾರ್ ರೋಡ್ ಪಕ್ಕ ಇಲ್ಲ, ಸ್ವಾಮಿ.”

ಅವನ ಅಕ್ಕ ಬಶೀರುನ್ನೀಸಾ ಸೂಲಗಿತ್ತಿ. ಹರಾಜಿನಲ್ಲಿ ಕೊಂಡ ಆ ಜೀಪಿನಲ್ಲಿ ಅವಳನ್ನು ಹಳ್ಳಿಗಳಿಗೆ ಕರೆದೊಯ್ಯುವುದು ಅನೀಸನ ಕೆಲಸ. ಎಂಟು ದಿನದ ಹಿಂದೆ ಒಂದು ಹೆರಿಗೆಗೆ ಹೊರಟಾಗ ಕೆರೆಯಂಗಳದ ಕೆಸರಿನಲ್ಲಿ ಜೀಪಿನ ಸವೆದ ಟೈರುಗಳು ಸುಮ್ಮನೆ ತಿರುಗಿ ಹೂತುಹೋದವು. ಅಕ್ಕ ಒಂದೂವರೆ ಮೈಲಿ ನಡೆದು ಮುಟ್ಟುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಅಂದಿನಿಂದ ಇದು ಮೂರನೆಯ ಅಂಗಡಿ. ಒಂದರ ಹಲ್ಲು ಆಳ ಸಾಲದು, ಇನ್ನೊಂದರ ಸಂದಿಗೆ ಜೇಡಿಮಣ್ಣು ಮೆತ್ತಿಕೊಳ್ಳುತ್ತದೆ. ಅವನಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ.

ಕೊನೆಗೆ ಕುಕ್ಕರಗಾಲಲ್ಲಿ ಕೂತು ಏಳನೆಯ ಟೈರಿನ ಹಲ್ಲುಗಳ ಸಂದಿಗೆ ಬೆರಳಿಟ್ಟ. ಬೆರಳು ಅರ್ಧ ಇಳಿಯಿತು. “ಅವತ್ತು ಇದಿದ್ದಿದ್ರೆ ಮಗು ಉಳೀತಿತ್ತು,” ಎಂದ.

ಜೀಪಿನಲ್ಲಿ ಕೂತಿದ್ದ ಬಶೀರುನ್ನೀಸಾ ಇಳಿದು ಬಂದಳು. “ಹಳೇ ಟೈರನ್ನ ಬೈಬೇಡ ಅನೀಸ್. ಆ ಹೆಂಗಸಿನ ಗಂಡ ಅವತ್ತು ಬೆಳಿಗ್ಗೆನೇ ಕರೆಯೋಕೆ ಬಂದಿದ್ದ. ನಾಲ್ಕನೇ ಹೆರಿಗೆ, ಅವಸರ ಏನಿಲ್ಲ ಅಂದ್ಕೊಂಡು ಮಧ್ಯಾಹ್ನ ಊಟ ಮುಗಿಸ್ಕೊಂಡು ಹೊರಟಿದ್ದು ನಾನು. ನಿಂಗೆ ಹೇಳ್ಲಿಲ್ಲ.”

ಅನೀಸನ ಬೆರಳು ಇನ್ನೂ ಟೈರಿನ ಸಂದಿಯಲ್ಲೇ ಇತ್ತು. ಬಶೀರುನ್ನೀಸಾ ಅಂಗಡಿಯವರತ್ತ ತಿರುಗಿದಳು.

“ಇಂಥವೇ ನಾಲ್ಕು ಹಾಕಿ, ಸ್ವಾಮಿ.”