ವಾರಕ್ಕೊಂದೇ ವಿಮಾನ

ಹೊಲಿಗೆ ಯಂತ್ರದ ಖಾನೆಯಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ, ನಾಲ್ಕಾಗಿ ಮಡಿಚಿದ ಹಾಳೆ ಸಿಕ್ಕಿತು. ಅಕ್ಷರ ಹೆಂಡತಿಯದೇ. ಪರದೇಶದ ಐದು ಊರುಗಳ ಹೆಸರು, ಎದುರಿಗೆ ಅಂಕಗಳು. ಆಸ್ಪತ್ರೆಗೆ ಇಷ್ಟು, ರಸ್ತೆಗೆ ಇಷ್ಟು, ಹೆಂಗಸರು ಒಬ್ಬರೇ ಓಡಾಡುವುದಕ್ಕೆ ಇಷ್ಟು. ಕೊನೆಯ ಊರಿಗೆ ಕೆಂಪು ಶಾಯಿಯ ಸುತ್ತು. ಪಕ್ಕದಲ್ಲಿ ಸಣ್ಣಗೆ ಬರೆದಿತ್ತು: ‘ನೆಮ್ಮದಿಯ ಊರು. ವೀಸಾ ಇಳಿದ ಮೇಲೆ ಕೊಡುತ್ತಾರೆ. ವಿಮಾನ ವಾರಕ್ಕೊಂದೇ. ಎರಡು ಮಂಚದ ಮನೆ, ಇಬ್ಬರಿಗೆ ಸಾಕು.’

ಇಬ್ಬರಿಗೆ! ಅವನ ಪಿತ್ತ ನೆತ್ತಿಗೇರಿತು. ಆ ಇಬ್ಬರಲ್ಲಿ ತಾನಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಲಮಾರಿನ ಬೀಗ ತೆಗೆದು ನೋಡಿದ. ಭದ್ರವಾಗಿರಲೆಂದು ಇಬ್ಬರ ಪಾಸ್‌ಪೋರ್ಟನ್ನೂ ಅವನೇ ಅಲ್ಲಿಟ್ಟಿದ್ದ. ಅವನದೊಂದೇ ಉಳಿದಿತ್ತು.

“ನಾನು ಹೇಳಲಿಲ್ವಾ?” ಎಂದು ಬಾಗಿಲಲ್ಲಿ ನಿಂತಿದ್ದ ಅಮ್ಮ ಪಿಸುಗುಟ್ಟಿದಳು.

ಖಾನೆ ನೋಡು ಎಂದು ಹೇಳಿದ್ದೇ ಅವಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇರಬಹುದು. ಆದರೆ ಆ ಮನೆಯಲ್ಲಿ ಅವನ ಪರವಾಗಿ ಕಣ್ಣು ತೆರೆದುಕೊಂಡಿದ್ದವಳು ಅವಳೊಬ್ಬಳೇ.

ಅವನು ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರ್. ಇಪ್ಪತ್ತು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿದವನು. ಮೋಸ ಗೊತ್ತಾದ ದಿನ ಅವನು ಬಾಯಿ ಬಿಡುವುದಿಲ್ಲ. ಇನ್ನೊಂದು ದಿನ, ಅಂಗಡಿಯವನಿಗಿಂತ ಮೊದಲೇ ಹೋಗಿ ಬಾಗಿಲ ಮುಂದೆ ನಿಲ್ಲುತ್ತಾನೆ. ಬೀಗ ತೆಗೆಯಲು ಬಂದವನ ಮುಖ ಬಿಳಿಚಿಕೊಳ್ಳುವುದನ್ನು ನೋಡುವುದೆಂದರೆ ಅವನಿಗೆ ಹಬ್ಬ.

ಅಂಥವನ ಮನೆಯಲ್ಲೇ ಸುಳ್ಳು ತೂಕ! ಈ ಹೆಂಡತಿಗೆ ಅವನು ಏನು ಕಡಿಮೆ ಮಾಡಿದ್ದ? ದಣಿಯಬಾರದೆಂದು ಶಾಲೆಯ ನೌಕರಿ ಬಿಡಿಸಿದ್ದ. ಕಂಡವರೆಲ್ಲ ಪೀಡಿಸಬಾರದೆಂದು ಅವಳ ಫೋನನ್ನು ತಾನೇ ಇಟ್ಟುಕೊಂಡಿದ್ದ. ಎರಡು ತಿಂಗಳ ಹಿಂದೆ ಅವಳು ಮೆಟ್ಟಿಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಆಸ್ಪತ್ರೆಗೆ ಕರೆದೊಯ್ದಿದ್ದು ಯಾರು? ಡಾಕ್ಟರ್ ಕೇಳಿದ್ದಕ್ಕೆಲ್ಲ ಅವಳ ಪರವಾಗಿ ಉತ್ತರ ಕೊಟ್ಟಿದ್ದು ಯಾರು? ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಅಡುಗೆಮನೆಯತ್ತ ನುಗ್ಗಿದ.

ಅಮ್ಮ ಅಡ್ಡ ನಿಂತಳು. “ಈಗ ಕೇಳಿದ್ರೆ ಬಾಯಿ ಬಿಡ್ತಾಳಾ? ಮುಂದಿನ ವಾರದ ವಿಮಾನಕ್ಕೆ ಹೊರಟಿದಾಳೆ. ನಿನ್ನ ಕೆಲಸದಲ್ಲಾದ್ರೆ ನೀನೇನು ಮಾಡ್ತೀಯ, ಹೇಳು?”

ಅವನು ನಿಂತ. ನಿಧಾನವಾಗಿ ಮುಖ ಅರಳಿತು. ಅವಳು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವವನು. ಈ ವಾರದ ವಿಮಾನಕ್ಕೆ ತಾನೇ ಹೋಗಬೇಕು. ಅವಳು ಮತ್ತು ಅವಳ ಆ ಮಹಾಶಯ ಇಳಿದು ಬರುವ ಬಾಗಿಲಿನ ಎದುರೇ ನಿಂತಿರಬೇಕು.

ಬೇರೆ ಊರಲ್ಲಿ ತರಬೇತಿ ಇದೆ ಎಂದು ಹೆಂಡತಿಗೆ ಹೇಳಿದ. ಅವಳು ಅವನ ಅಂಗಿ ಮಡಿಚುತ್ತಿದ್ದಳು.

“ಪೂರ್ತಿ ಒಂದು ವಾರನಾ?”

“ಪೂರ್ತಿ. ಯಾಕೆ, ನಾನಿಲ್ದೆ ಕಷ್ಟ ಆಗುತ್ತಾ?”

“ಅಭ್ಯಾಸ ಮಾಡ್ಕೋತೀನಿ” ಎಂದಳು, ತಲೆ ಎತ್ತದೆ.

ಊರು ನಿಜಕ್ಕೂ ಚೆನ್ನಾಗಿತ್ತು. ಅದೇ ಅವನಿಗೆ ಉರಿ. ರಸ್ತೆ ದಾಟುವವರಿಗಾಗಿ ಬಸ್ಸುಗಳು ನಿಲ್ಲುತ್ತಿದ್ದವು. ಹೆಂಗಸರು ಉದ್ಯಾನದ ಬೆಂಚಿನಲ್ಲಿ ಒಬ್ಬರೇ ಕೂತು, ಚೀಲ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ ಬಿಸಿಲು ಕಾಯುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು, ಹಣ್ಣಿನಂಗಡಿಯೊಂದರ ತಕ್ಕಡಿಯನ್ನೂ ಪರೀಕ್ಷಿಸಿದ. ಒಂದು ಗ್ರಾಂ ಕೂಡ ವ್ಯತ್ಯಾಸವಿರಲಿಲ್ಲ. ಎಂಥ ಊರು ಹುಡುಕಿದ್ದಾಳೆ, ಪಾಪಿ!

ದಿನವೂ ಅಮ್ಮನ ಮೊಬೈಲಿಗೆ ಫೋನು ಮಾಡಿದ.

“ಏನ್ ಮಾಡ್ತಿದಾಳೆ?”

“ಹಾಡು ಹೇಳ್ಕೊಂಡು ಬಟ್ಟೆ ಒಣಗಿಸ್ತಿದಾಳೆ.”

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳು ಹಾಡಿದ್ದನ್ನು ಅವನು ಕೇಳಿರಲಿಲ್ಲ. “ಅವನು ಬಂದಿದ್ನಾ?”

“ಒಂದು ಗಂಡಸಿನ ನೆರಳೂ ಇಲ್ಲಿ ಬಿದ್ದಿಲ್ಲ ಕಂದ. ನೀನು ಅಲ್ಲೇ ಇರು, ಬಿಟ್ಟು ಬರಬೇಡ.”

ಎಂಟನೆಯ ದಿನ ಹನ್ನೊಂದು ಗಂಟೆಗೆ ವಿಮಾನ ಇಳಿಯಿತು. ಅವನು ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ಹಾಕಿ, ಬಾಗಿಲಿಗೆ ಎದುರಾಗಿ ನಿಂತಿದ್ದ. ಹೇಳಬೇಕಾದ ಮಾತನ್ನು ವಾರವಿಡೀ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ. ಜನ ಬಂದರು, ಅಪ್ಪಿಕೊಂಡರು, ಹೋದರು. ಕೊನೆಗೆ ಪೈಲಟ್ ತನ್ನ ಪೆಟ್ಟಿಗೆ ಎಳೆದುಕೊಂಡು ಹೊರಬಂದ. ಹಿಂದೆ ಬಾಗಿಲು ಮುಚ್ಚಿತು.

“ಅವಳು ಬರಲಿಲ್ಲ!” ಎಂದು ಫೋನಿನಲ್ಲಿ ಅರಚಿದ.

“ಬರಲ್ಲ ಕಂದ” ಎಂದಳು ಅಮ್ಮ. “ನೀನು ಹೊರಟ ಮಧ್ಯಾಹ್ನವೇ ಮನೆ ಬಿಟ್ಟಾಯ್ತು. ಒಂದು ವಾರ ನಿನ್ನನ್ನ ಹಿಡಿದಿಡೋ ಊರು ಬೇಕಿತ್ತು. ಅದನ್ನ ಹುಡುಕಿ ಸುತ್ತು ಹಾಕಿದ್ದು ನಾನೇ.”

ಹೆಂಡತಿ ಹೋದದ್ದಕ್ಕಿಂತ ಇದು ಆಳಕ್ಕೆ ಇಳಿಯಿತು. “ನೀನು... ನನ್ನ ಹೆತ್ತವಳು ನೀನು!”

“ಅದಕ್ಕೇ ಒಳ್ಳೇ ಊರು ನೋಡಿ ಕಳಿಸಿದೆ. ಒಂದೂ ಮೆಟ್ಟಿಲಿಲ್ಲದ ಮನೇಲಿ ಆ ಹುಡುಗಿ ಇನ್ನೆಷ್ಟು ಸಲ ಮೆಟ್ಟಿಲಿಂದ ಬೀಳಬೇಕು? ನಿಮ್ಮಪ್ಪನ ಕಾಲದಲ್ಲಿ ನಾನೂ ಹಾಗೇ ಬಿದ್ದೆ. ನನ್ನತ್ತೆ ನೋಡ್ಕೊಂಡು ಸುಮ್ಮನಿದ್ರು.”

“ಎಲ್ಲಿದಾಳೆ ಹೇಳು! ಇಬ್ಬರಿಗೆ ಮನೆ ಅಂತ ಬರೆದಿದ್ಲಲ್ಲ, ಯಾರು ಆ ಇನ್ನೊಬ್ಬ? ಯಾರ ಜೊತೆ ಹೋದಳು?”

“ನನ್ನ ಜೊತೆ ಕಣೋ” ಎಂದ ಅಮ್ಮ ಫೋನು ಕೆಳಗಿಟ್ಟಳು.