ಮನೆ ಸಾಲಿನ ಹತ್ತು ಕಾಯಿ

"ಆ ಲ್ಯಾಬಿನ ಕಾಗದಾನ ಒಲೆಗೆ ಹಾಕು! ಔಷಧಿ ಕೆಲಸ ಮಾಡತ್ತಂತೆ! ಹಾಗಿದ್ರೆ ಇದೇನು, ನಿನ್ನ ಗಡ್ಡಾನಾ?"

ಅಕ್ಕ ಕೈಯಲ್ಲಿದ್ದ ದ್ರಾಕ್ಷಿ ಗೊಂಚಲನ್ನು ಊಟದ ಮೇಜಿನ ಮೇಲೆ ಕುಕ್ಕಿದಳು. ಕಾಯಿಗಳ ಮೇಲೆ ಬೂದುಬಣ್ಣದ ಬೂಷ್ಟು ತುಪ್ಪಳದ ಹಾಗೆ ಎದ್ದು ನಿಂತಿತ್ತು. ಕುಕ್ಕಿದ ರಭಸಕ್ಕೆ ಪುಡಿ ಹೊಗೆಯಂತೆ ಹಾರಿ ತಮ್ಮನ ತಟ್ಟೆಯ ಮೇಲೆ ಕೂತಿತು. ತೋಟಕ್ಕೆ ಔಷಧಿ ಹೊಡೆದು ನಾಲ್ಕೇ ದಿನವಾಗಿತ್ತು.

"ಲ್ಯಾಬಿನವರಿಗಿಂತ ನೀನು ಹೆಚ್ಚು ಓದಿದ್ದೀಯಾ?" ತಮ್ಮನೂ ದನಿ ಏರಿಸಿದ. "ಹತ್ತು ಕಾಯಿ ಕೊಟ್ಟಿದ್ದೆ. ಹತ್ತರ ಬೂಷ್ಟೂ ಈ ಔಷಧಿಗೆ ಸತ್ತಿದೆ ಅಂತ ಬರೆದು ಸಹಿ ಹಾಕಿದ್ದಾರೆ. ಡೋಸ್ ಕಮ್ಮಿಯಾಗಿದೆ, ಅಷ್ಟೆ. ನಾಳೆ ಬೆಳಿಗ್ಗೆ ಡಬಲ್ ಹೊಡೀತೀನಿ."

"ಹೊಡೆದ ಮೇಲೆ ಹದಿನೈದು ದಿನ ಕೊಯ್ಯೋ ಹಾಗಿಲ್ಲ. ಕೊಯ್ಲಿಗೆ ಉಳಿದಿರೋದು ಹನ್ನೆರಡು ದಿನ. ಬೂಷ್ಟು ಸಾಯ್ಲಿಲ್ಲ ಅಂದ್ರೆ ಅಷ್ಟರಲ್ಲಿ ಇಡೀ ತೋಟ ಕೊಳೆತು ನೆಲಕ್ಕೆ ಸುರಿಯತ್ತೆ."

"ಸಾಯತ್ತೆ."

"ಆ ಹತ್ತು ಕಾಯಿ ಎಲ್ಲಿ ಕಿತ್ತೆ?"

ತಮ್ಮ ತಟ್ಟೆ ನೋಡಿದ. "ತೋಟದಲ್ಲಿ. ಇನ್ನೇನು ಆಕಾಶದಲ್ಲಾ?"

"ತೋಟದಲ್ಲಿ ಮೂವತ್ತೆರಡು ಸಾಲಿದೆ. ಯಾವ ಸಾಲಲ್ಲಿ?"

ಒಲೆಯ ಮುಂದಿದ್ದ ಅವನ ಹೆಂಡತಿ ತಿರುಗಿ ಕೂಡ ನೋಡದೆ ಹೇಳಿಬಿಟ್ಟಳು: "ಇಲ್ಲೇ ಅತ್ತಿಗೆ, ಅಡುಗೆಮನೆ ಬಾಗಿಲಲ್ಲಿ. ಬಸ್ಸು ಹಾರ್ನ್ ಹೊಡೀತಿತ್ತು. ಇವರು ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಕಿತ್ತಿದ್ದೇ ಕಿತ್ತಿದ್ದು."

ಅಡುಗೆಮನೆ ಬಾಗಿಲಿನದು ಒಂದನೇ ಸಾಲು. ಮನೆಯ ಆಚೆ ಮಗ್ಗುಲಲ್ಲಿ ಒಂಟಿಯಾಗಿ ನಿಂತದ್ದು. ಮನೆಯವರು ತಿನ್ನುವ ಹಣ್ಣು ಎಂದು ಅಪ್ಪ ಅದಕ್ಕೆ ಒಂದು ಹನಿ ಔಷಧಿಯನ್ನೂ ಬೀಳಗೊಡುತ್ತಿರಲಿಲ್ಲ. ಅಪ್ಪ ಹೋದ ಮೇಲೂ ಆ ಕಟ್ಟಳೆ ಮುರಿದಿರಲಿಲ್ಲ. ಉಳಿದ ಮೂವತ್ತೊಂದು ಸಾಲಿಗೆ ಹನ್ನೆರಡು ವರ್ಷದಿಂದ ಇದೇ ಒಂದು ಔಷಧಿ ಹೊಡೆಯುತ್ತ ಬಂದ ತಮ್ಮ, ಇತ್ತ ಬಂದಾಗ ಮಾತ್ರ ಟ್ರ್ಯಾಕ್ಟರ್ ನಿಲ್ಲಿಸುತ್ತಿದ್ದ. ಈಗ ಎಲ್ಲ ಒಟ್ಟಿಗೇ ನೆನಪಾಯಿತು. ಆದರೆ ತಪ್ಪಾಯಿತು ಎನ್ನುವ ಮಾತು ಅವನ ಬಾಯಲ್ಲಿ ಇದುವರೆಗೆ ಹುಟ್ಟಿದ್ದೇ ಇಲ್ಲ.

"ಬೂಷ್ಟು ಬೂಷ್ಟೇ ಅಕ್ಕಾ. ಆ ಸಾಲಾದ್ರೇನು, ಈ ಸಾಲಾದ್ರೇನು?"

"ಹೌದಪ್ಪ! ಹುಟ್ಟಿದಾಗಿಂದ ಒಂದು ಏಟೂ ತಿನ್ನದ ಕೂಸನ್ನ ಕೆಡವಿ, ನಾನೇ ಪೈಲ್ವಾನ ಅಂತ ಮೀಸೆ ತಿರುವ್ತಿದ್ದೀಯ!" ಅಕ್ಕನ ಮೂಗಿನ ಹೊಳ್ಳೆ ಅರಳಿತು. "ಲ್ಯಾಬಿನ ಮೇಡಂಗೆ ಈಗ ತಾನೇ ಫೋನ್ ಮಾಡಿದ್ದೆ. ನೋಡೋಕೆ ಎಲ್ಲ ಒಂದೇ ಬೂದಿ, ಒಳಗೆ ಒಂದೊಂದರ ವಂಶಾನೇ ಬೇರೆ ಅಂದ್ರು. ಒಂದೇ ತೋಟದಲ್ಲಿ ಹತ್ತಾರು ವಂಶ ಇರತ್ತಂತೆ. ನಿನ್ನ ಔಷಧಿಗೆ ಸಾಯೋವು ಎಂದೋ ಸತ್ತಿವೆ ಕಣೋ. ಸಾಯದೆ ಉಳಿದವು ಖಾಲಿ ಜಾಗದಲ್ಲಿ ಮಕ್ಕಳು ಮರಿ ಮಾಡ್ಕೊಂಡು ಹಾಯಾಗಿವೆ!"

ಅವಳು ಕಪಾಟಿನಿಂದ ಲಕೋಟೆಗಳ ಕಟ್ಟು ತೆಗೆದು, ನಿಂತಲ್ಲೇ ಒಂದೊಂದರ ಮೇಲೂ ಸಾಲಿನ ಸಂಖ್ಯೆ ಬರೆದಳು. ಕತ್ತರಿಯೊಂದನ್ನು ತಮ್ಮನ ಹೆಂಡತಿಯ ಕೈಗಿಟ್ಟಳು.

"ಒಲೆ ಆರಿಸಮ್ಮ. ಬೂಷ್ಟು ಬಿದ್ದ ಗೊಂಚಲನ್ನೆಲ್ಲ ಕತ್ತರಿಸಿ ಚೀಲಕ್ಕೆ ತುಂಬು. ಒಳ್ಳೇ ಗೊಂಚಲಿನ ಸುತ್ತ ಎಲೆ ತೆಗಿ, ಗಾಳಿ ಆಡಲಿ. ನಾನು ಸಾಲಿಗೊಂದು ಕಾಯಿ ಕಿತ್ಕೊಂಡು ಹೋಗ್ತೀನಿ. ಯಾವ ಔಷಧಿಗೆ ಯಾವುದು ಸಾಯತ್ತೆ ಅಂತ ಕಣ್ಣಾರೆ ನೋಡದೆ ಈ ಮನೆ ಮೆಟ್ಟಿಲು ಹತ್ತಲ್ಲ."

"ಊಟ ಮಾಡ್ಕೊಂಡಾದ್ರೂ ಹೋಗು," ತಮ್ಮ ಗೊಣಗಿದ.

"ನೀನೇ ಉಣ್ಣು. ತಟ್ಟೇಲಿ ಬೂಷ್ಟಿದೆ, ಡಬಲ್ ಡೋಸ್ ಹಾಕ್ಕೋ."

ಬಾಗಿಲು ಬಡಿಯಿತು. ಬಹಳ ಹೊತ್ತು ಸಾಲುಗಳ ನಡುವೆ ಅವಳ ತಲೆ ಕಾಣಿಸುತ್ತಿತ್ತು, ಆಮೇಲೆ ಬಸ್ಸಿನ ಹಾರ್ನ್ ಕೇಳಿಸಿತು. ಸಂಜೆಯ ಬಸ್ಸಿನಿಂದ ಅವಳು ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಮತ್ತೆ ಕತ್ತರಿ ಹಿಡಿದು ತೋಟಕ್ಕೆ ಹೋದದ್ದೇ ತಡ, ತಮ್ಮ ಟ್ರ್ಯಾಕ್ಟರಿನ ಬೀಗದ ಕೈಗೆಂದು ಗೋಡೆಯ ಮೊಳೆಗೆ ಕೈ ಹಾಕಿದ. ಬೀಗದ ಕೈ ಅಲ್ಲಿರಲಿಲ್ಲ; ಸಿಕ್ಕಿದ್ದು ಒಂದು ಖಾಲಿ ಲಕೋಟೆ. ಮೇಲೆ ಅಕ್ಕನ ದಪ್ಪ ಅಕ್ಷರ:

"ಒಂದನೇ ಸಾಲು. ಇದು ಆಗಲೇ ಪಾಸಾಗಿದೆ."