ನಂಜರಾಜನಿಗಾಗಿ ಊಟ

ಮದುವೆಯಲ್ಲಿ ನಾಲಿಗೆ ಕೂಡಿಸಿಕೊಂಡ ಎಲ್ಲ ಜೋಡಿಗಳ ಹಾಗೆ ವಿಶಾಲಮ್ಮ-ನಂಜರಾಜರಲ್ಲೂ ಒಬ್ಬರು ಉಂಡರೆ ರುಚಿ ಇಬ್ಬರಿಗೂ. ನಂಜರಾಜ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿ ವಾರವಾಗಿತ್ತು. ಅದಕ್ಕೇ ವಿಶಾಲಮ್ಮ ಅವನ ಮೆಚ್ಚಿನ ಚೈನೀಸ್ ಬಫೆಗೆ ಬಂದು ಹಟ ಹಿಡಿದು ತಿನ್ನುತ್ತಿದ್ದಳು. ನೂಡಲ್ಸ್, ಮಂಚೂರಿ ಯಾವುದಕ್ಕೂ ಅವನು ಏಳಲಿಲ್ಲ.

"ಸಾಕು ಮಾಡಿ ಅಮ್ಮಾ," ಎಂದ ವೇಟರ್.

"ಎಷ್ಟು ಬೇಕಾದ್ರೂ ತಿನ್ನಿ ಅಂತ ಬೋರ್ಡ್ ಹಾಕಿರೋದು ನೀವೇ ತಾನೇ? ಆ ವಿನೆಗರ್ ಮೆಣಸಿನಕಾಯಿ ಇತ್ತ ಕೊಡಪ್ಪ."

ಚೂರು ಖಾರ ತಾಗಿದರೂ ನೀರು ನೀರು ಎಂದು ಆಕಾಶ ಭೂಮಿ ಒಂದು ಮಾಡುವ ಮನುಷ್ಯ ನಂಜರಾಜ. ಅವಳು ಬಟ್ಟಲನ್ನೇ ಬಾಯಿಗೆ ಸುರಿದುಕೊಂಡು ಜಗಿದಳು. ಕಣ್ಣು, ಮೂಗು ಸುರಿದರೂ ಎದುರಿಗಿದ್ದ ನೀರಿನ ಲೋಟ ಮುಟ್ಟಲಿಲ್ಲ.

ಆಗ ಅವಳ ನಾಲಿಗೆಯ ಮೇಲೆ ಕಾದಾರಿದ ನೀರಿನ ಸಪ್ಪೆ ರುಚಿ ಹರಿಯಿತು, ಆಸ್ಪತ್ರೆಯದು.